ಹುಲಗೆಮ್ಮನ ಮೇಲೆ ನಲವತ್ತೊಂದು ದೂರು

ಹುಲಗೆಮ್ಮನಿಗೆ ನೂರಕ್ಕೆ ಸೊನ್ನೆ ಅಂಕ ಬಂದ ದಿನವೂ ಬಿಳಿಗಲ್ಲಹಾಳದ ಕೆಳಗಿನ ಊರಿನ ಅಷ್ಟೂ ನಲ್ಲಿಗಳಲ್ಲಿ ಬೆಳಿಗ್ಗೆ ಆರಕ್ಕೆ ನೀರು ಬಂದಿತ್ತು.

ಅದರಲ್ಲಿ ವಿಶೇಷವೇನೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅಲ್ಲಿ ಹಾಗೆಯೇ ಬರುತ್ತಿತ್ತು. ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ, ಮಾನ್ವಿಯ ಬಸ್ಸು ದಿನಕ್ಕೆರಡು ಸಲ ಬಂದು ಧೂಳೆಬ್ಬಿಸಿ ಹೋಗುವ ಆ ಊರಿಗೆ ಪಂಚಾಯಿತಿಯ ಇಬ್ಬರು ನೀರಗಂಟಿಗಳು. ಕೆಳಗಿನ ಊರಿಗೆ ಹುಲಗೆಮ್ಮ, ಮೇಲಿನ ಊರಿಗೆ ಅಮರೇಶ. ಇಬ್ಬರದೂ ಇನ್ನೂ ಕಾಯಂ ಆಗದ ನೌಕರಿ. ಹುಲಗೆಮ್ಮನ ಹೆಗಲ ಮೇಲೆ ಅವಳಷ್ಟೇ ಉದ್ದದ ಕಬ್ಬಿಣದ ಕೀಲಿಯೊಂದು ಸದಾ ಇರುತ್ತಿತ್ತು. ಅದನ್ನು ಗುಂಡಿಯೊಳಗೆ ಇಳಿಬಿಟ್ಟು ವಾಲ್ವ್ ತಿರುಗಿಸಬೇಕು. ಮಠದ ಓಣಿಯ ವಾಲ್ವು ಮೂರೂವರೆ ಸುತ್ತಿಗೆ ಮಣಿಯುತ್ತದೆ. ಮಸೀದಿ ಓಣಿಯದು ಹಟಮಾರಿ, ಒಂದು ಸುತ್ತು ಹಿಂದಕ್ಕೆ ತಿರುಗಿಸಿ ರಮಿಸಿದ ಮೇಲೆಯೇ ಮುಂದಕ್ಕೆ ಬರುತ್ತದೆ. ಹೊಂಡದ ಕಡೆಯದಕ್ಕೆ ‘ಏಳವ್ವಾ, ಹೊತ್ತಾತು’ ಅನ್ನಬೇಕು, ಅನ್ನದಿದ್ದರೆ ಅದು ಗಾಳಿ ಮಾತ್ರ ಬಿಡುತ್ತದೆ. ಇದನ್ನೆಲ್ಲ ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಹುಲಗೆಮ್ಮನ ಅಂಗೈಯಲ್ಲಿ ಬರೆದಿತ್ತು.

ಇಷ್ಟೆಲ್ಲ ತಿಳಿದ ಹೆಂಗಸಿಗೆ, ರಾಯಚೂರಿನ ಒಂದು ಕಚೇರಿಯ ಮೂರನೇ ಮಹಡಿಯಲ್ಲಿ ಏನು ನಡೆದಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅಲ್ಲಿ ದೊಡ್ಡ ಸಾಹೇಬರೊಬ್ಬರಿಗೆ, ತಣ್ಣನೆಯ ಗಾಳಿ ಊದುವ ಯಂತ್ರದ ಕೆಳಗೆ ಕೂತಲ್ಲೇ ಒಂದು ಕನಸು ಬಿದ್ದಿತ್ತು. ಕಸ ಗುಡಿಸುವವರಿಂದ ಹಿಡಿದು ಕರ ವಸೂಲಿಯವರವರೆಗೆ ಎಲ್ಲ ಪಂಚಾಯಿತಿ ನೌಕರರಿಗೂ ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ ಅಂಕ ಕೊಡಬೇಕು. ಮನುಷ್ಯರು ಕೊಟ್ಟರೆ ಪಕ್ಷಪಾತವಾದೀತು, ಆದ್ದರಿಂದ ಕಂಪ್ಯೂಟರೇ ಕೊಡಬೇಕು. ಸಾಹೇಬರು ಎಚ್ಚರಾದವರೇ ಆ ಕನಸಿಗೆ ‘ಕಾರ್ಯಕ್ಷಮತಾ ಮೌಲ್ಯಮಾಪನ’ ಎಂದು ಹೆಸರಿಟ್ಟು, ಒಂದು ಮೊಹರು ಕೆತ್ತಿಸಿ, ಸುತ್ತೋಲೆ ಹೊರಡಿಸಿದರು. ಮಾರ್ಚ್ ಮೂವತ್ತೊಂದರೊಳಗೆ ಅರವತ್ತು ಅಂಕ ದಾಟಿದವರ ಹೆಸರು ಕಾಯಂ ಪಟ್ಟಿಗೆ ಹೋಗುತ್ತದೆ. ದಾಟದವರಿಗೆ ಇನ್ನು ಮೂರು ವರ್ಷ ಆ ಬಾಗಿಲು ತೆರೆಯುವುದಿಲ್ಲ. ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಪ್ರಾಣ ಇಟ್ಟಿರುತ್ತಾರಲ್ಲ, ಹಾಗೆ ಹುಲಗೆಮ್ಮನ ಹನ್ನೊಂದು ವರ್ಷವನ್ನು ಒಯ್ದು ರಾಯಚೂರಿನ ಒಂದು ಪೆಟ್ಟಿಗೆಯೊಳಗೆ ಇಟ್ಟಿದ್ದರು.

ಆ ಸೊನ್ನೆಯನ್ನು ಓದಿ ಹೇಳಿದವಳು ಪಂಚಾಯಿತಿಯ ಕಂಪ್ಯೂಟರ್ ಹುಡುಗಿ ಕಾವ್ಯಾ.

‘ಸೊನ್ನಿ ಅಂದ್ರ ಏನೂ ಇಲ್ಲಂತೇನು?’ ಹುಲಗೆಮ್ಮ ಕೇಳಿದಳು.

‘ಏನೂ ಇಲ್ಲಕ್ಕಾ.’

‘ದಿನಾ ನೀರು ಬಿಡಾಕತ್ತೀನಲ್ಲಬೇ.’

‘ಅದನ್ನ ತುಂಬಾಕ ಇದರಾಗ ಖಾನೇನ ಇಲ್ಲ. ನಿನ್ನ ಮ್ಯಾಲ ದೂರು ಎಷ್ಟು ಬಂದಾವ, ಅದರಾಗ ನೀ ಎಷ್ಟು ಬಗಿಹರಿಸೀದಿ, ಇಷ್ಟ ಕೇಳತದ ಇದು. ನಿನ್ನ ಮ್ಯಾಲ ಒಂದೂ ದೂರು ಬಂದಿಲ್ಲ. ಬರದ ಮ್ಯಾಲ ಬಗಿಹರಿಸೋದು ಎಲ್ಲಿಂದ? ಸೊನ್ನೀನ ಸೊನ್ನಿಯಿಂದ ಭಾಗಿಸು ಅಂದ್ರ ಇದಕ್ಕೂ ತಿಳಿವಲ್ದು. ಸೊನ್ನಿ ಬರದು ಕೈ ತೊಳಕೊಂಡದ.’

‘ಅಮರೇಶಂದು?’

ಕಾವ್ಯಾ ಹೇಳಲೋ ಬೇಡವೋ ಎಂದು ಪರದೆಯನ್ನು ನೋಡಿದಳು. ‘ತೊಂಬತ್ತಾರು. ಮುನ್ನೂರಾ ಹದಿನೆಂಟು ದೂರು ಬಗಿಹರಿಸ್ಯಾನ. ಜಿಲ್ಲಾಕ್ಕ ಎರಡನೇ ನಂಬರಂತ.’

ಅಮರೇಶ ಕೆಟ್ಟವನಲ್ಲ. ಸುತ್ತೋಲೆಯನ್ನು ಪೂರ್ತಿ ಓದಿದ ಒಬ್ಬನೇ ನೀರಗಂಟಿ ಅವನು, ಅಷ್ಟೇ. ಓದಿದ ದಿನದಿಂದ ಬೆಳಿಗ್ಗೆ ಬೇವಿನ ಮರದ ಕೆಳಗೆ ಹೋಗಿ ಕೂತು ಮೊಬೈಲನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಮೇಲಿನ ಊರಿನ ಯಾರೋ ‘ನೀರಿಲ್ಲ’ ಎಂದು ಒತ್ತುತ್ತಿದ್ದರು. ಮೊಬೈಲು ಟಿಂಗ್ ಎನ್ನುತ್ತಿತ್ತು. ಆಗ ಎದ್ದು ಹೋಗಿ ವಾಲ್ವ್ ತಿರುಗಿಸಿ, ನೀರು ಬೀಳುವ ನಲ್ಲಿಯ ಫೋಟೋ ಹೊಡೆದು ಕಳಿಸುತ್ತಿದ್ದ. ದೂರು ಬಂದು ಹನ್ನೊಂದೇ ನಿಮಿಷಕ್ಕೆ ಪರಿಹಾರ. ಮೇಲಿನ ಊರಿನ ಹೆಂಗಸರು ನಲ್ಲಿಯ ಮುಂದೆ ಈಗೀಗ ಕೊಡದ ಜೊತೆ ಮೊಬೈಲನ್ನೂ ಸಾಲಿಗೆ ಇಡುತ್ತಿದ್ದರು.

‘ಅಕ್ಕಾ, ಮಂದಿನ್ನ ನೀ ಕೆಡಿಸೀದಿ,’ ಎಂದ ಅಮರೇಶ, ಕನಿಕರದಿಂದಲೇ. ‘ಕೇಳೂಕಿಂತ ಮೊದಲ ಕೊಟ್ಟದ್ದನ್ನ ಯಾರು ನೆನಪಿಟ್ಟಾರು? ನಾಳಿಂದ ನಾಕು ದಿನ ಬಂದ್ ಮಾಡು. ದೂರು ತಾವಾಗೇ ಬರ್ತಾವ.’

ಹುಲಗೆಮ್ಮ ಅದನ್ನೂ ಮಾಡಿ ನೋಡಿದಳು. ಮರುದಿನ ಆರಕ್ಕೆ ಕೀಲಿಯನ್ನು ಗೋಡೆಗೆ ಆನಿಸಿ, ತಾನೂ ಗೋಡೆಗೆ ಆತು ಕೂತಳು. ಆರೂಹತ್ತಕ್ಕೆ ಕೈ ತುರಿಸಲು ಶುರುವಾಯಿತು. ಆರೂಕಾಲಿಗೆ ಶರಣಮ್ಮ ಶುಂಠಿ ಕಷಾಯದ ತಂಬಿಗೆ ಹಿಡಿದು ಬಂದಳು. ಅಕ್ಕಿ ಗಿರಣಿಯ ಮನೆಯ ಹಿರಿಯಳು, ಕುರ್ಡಿಯಿಂದ ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಕೆಳಗಿನ ಊರನ್ನು ಇನ್ನೂ ತನ್ನ ಅಂಗಳವೆಂದೇ ತಿಳಿದವಳು. ‘ಜ್ವರ ಬಂದಾವೇನು, ಮೈ ನೋಡೂಣು ಬಾ,’ ಎಂದು ಹಣೆ ಮುಟ್ಟಿದಳು. ಅವಳ ಬೆನ್ನಿಗೆ ಮಸೀದಿ ಓಣಿಯ ಗುಲ್ಶನ್ ಬೇಗಂ ಗಂಜಿ ತಂದಳು. ಆರೂವರೆಯ ಹೊತ್ತಿಗೆ ಮನೆಯ ಮುಂದೆ ಹದಿನಾಲ್ಕು ಜನ. ಎಲ್ಲರದೂ ಒಂದೇ ಪ್ರಶ್ನೆ, ಹುಲಗೆಮ್ಮಗ ಏನಾತು. ನೀರು ಯಾಕೆ ಬರಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ನಾಚಿಕೆಯಾಗಿ, ಕಷಾಯ ಕುಡಿದು, ಕೀಲಿ ಎತ್ತಿಕೊಂಡು ಹೋದಳು.

ದೂರು ತಾವಾಗಿ ಬರುವುದಿಲ್ಲ ಎಂದಾದ ಮೇಲೆ ಬೇಡುವುದೊಂದೇ ದಾರಿ. ಸಂಜೆ ಶರಣಮ್ಮನ ಬಾಗಿಲಿಗೆ ಹೋಗಿ ನಿಂತಳು.

‘ಯವ್ವಾ, ನನ್ನ ಮ್ಯಾಲ ಒಂದು ದೂರು ಹಾಕ್ರಿ.’

ಶರಣಮ್ಮ ಕೇಳಿಸಿಕೊಂಡದ್ದು ತಪ್ಪೇನೋ ಎಂದು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಸಿಟ್ಟಾದಳು. ‘ನಿನ್ನ ಮ್ಯಾಲ ದೂರು ಹಾಕಿ ಯಾವ ಬಾಯಿಲೆ ನೀರು ಕುಡೀಲಿ ನಾ? ಬುದ್ಧಿ ನೆಟ್ಟಗದ ಇಲ್ಲ ನಿಂದು?’

ಸೊನ್ನೆಯ ಕಥೆ, ಅರವತ್ತರ ಕಥೆ, ಮೂರು ವರ್ಷದ ಬಾಗಿಲಿನ ಕಥೆ ಎಲ್ಲ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಶರಣಮ್ಮನ ಮುಖ ಮೆತ್ತಗಾಯಿತು. ಮನೆಗೆ ಕೇಳಿಕೊಂಡು ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಿದವಳಲ್ಲ ಅವಳು. ರೊಟ್ಟಿ ಎಷ್ಟು ಬೇಕು ಎಂದು ಕೇಳುವ ಧಾಟಿಯಲ್ಲಿ ಕೇಳಿದಳು: ‘ಎಷ್ಟು ಬೇಕು?’

‘ಎಷ್ಟು ಕೊಟ್ರೂ ನಡೀತದ.’

‘ಆತು. ಆದ್ರ ಸುಳ್ಳು ಬರಸಂಗಿಲ್ಲ. ಕೊಳ್ಳಾಗ ಲಿಂಗ ಕಟ್ಟಿಕೊಂಡು ಸುಳ್ಳು ದೂರು ಬರಸಾಕ ನನ್ನಿಂದ ಆಗಂಗಿಲ್ಲ.’

‘ನನ್ನಿಂದನೂ ಆಗಂಗಿಲ್ಲ,’ ಎಂದಳು ಗುಲ್ಶನ್ ಬೇಗಂ, ಅಷ್ಟರಲ್ಲಿ ಸುದ್ದಿ ಕೇಳಿ ಬಂದಿದ್ದವಳು. ‘ಆದ್ರ ಖರೇದ್ದು ಬೇಕಾದಷ್ಟು ಕೊಡ್ತೀನಿ. ಹೋದ ರಂಜಾನಿನ್ಯಾಗ ಸಹರಿ ಹೊತ್ತಿಗೆ, ಬೆಳಕು ಹರಿಯೂಕಿಂತ ಮೊದಲ ಎದ್ದು ನಮ್ಮ ಓಣಿಗೆ ಪಾನಿ ಬಿಟ್ಟಾಳ ಈಕಿ. ಅದನ್ನ ಬರಸ್ತೀನಿ.’

ಬರೆಯಲು ಮಲ್ಲೇಶನನ್ನು ಮಠದ ಕಟ್ಟೆಗೆ ಕರೆಸಿದರು. ದೇವದುರ್ಗದಲ್ಲಿ ಡಿಗ್ರಿ ಮುಗಿಸಿ ಆರು ವರ್ಷದಿಂದ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಮಲ್ಲೇಶನೇ ಊರಿಗೆಲ್ಲ ಅರ್ಜಿ ಬರೆಯುವವನು. ಬರೆದೂ ಬರೆದೂ ಅವನ ಕೈಗೆ ಒಂದು ಅಚ್ಚು ಬಿದ್ದುಹೋಗಿತ್ತು. ಮೇಲೆ ‘ವಿಷಯ’ ಎಂದು ಬರೆದರೆ ಕೆಳಗೆ ಏನಿರಬೇಕೋ ಅದು ತಾನಾಗಿಯೇ ಬಂದು ಕೂರುತ್ತಿತ್ತು. ಪ್ರೇಮಪತ್ರ ಬರೆದರೂ ‘ತಮ್ಮ ಅವಗಾಹನೆಗೆ’ ಎಂದೇ ಬರೆಯುತ್ತಾನೆಂದು ಊರ ಹುಡುಗಿಯರು ನಗುತ್ತಿದ್ದರು. ಅವನು ಬರೆದ ಮೊದಲ ದೂರು ಹೀಗಿತ್ತು:

‘ವಿಷಯ: ನೀರಗಂಟಿ ಹುಲಗೆಮ್ಮ ಇವರು ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ತಪ್ಪದೆ ನೀರು ಬಿಡುತ್ತಿರುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿಯವರು ಕಳೆದ ಹನ್ನೊಂದು ವರ್ಷಗಳಿಂದಲೂ ಇದೇ ರೀತಿ ನಡೆದುಕೊಂಡು ಬಂದಿರುತ್ತಾರೆ. ಆದ ಕಾರಣ ತಾವು ಖುದ್ದು ಪರಿಶೀಲಿಸಿ, ಸದರಿಯವರ ಮೇಲೆ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಓದಿ ಹೇಳಿದಾಗ ಎಲ್ಲರಿಗೂ ಮನಸ್ಸು ತುಂಬಿ ಬಂತು. ‘ಎಷ್ಟು ಚಂದ ಬರದಿ ಮಗನ,’ ಎಂದಳು ಶರಣಮ್ಮ. ಸುಳ್ಳಿನ ಒಂದಕ್ಷರ ಇರಲಿಲ್ಲ, ಆದರೂ ದೂರಿನ ಹಾಗೆಯೇ ಇತ್ತು. ಎರಡು ದಿನದಲ್ಲಿ ನಲವತ್ತೊಂದು ದೂರುಗಳಾದವು. ಪೈಪು ಒಡೆದಾಗ ಕರೆಯುವ ಮೊದಲೇ ಬಂದ ಕುರಿತು, ಬಾಣಂತಿ ಮನೆಗೆ ತಾನೇ ಎರಡು ಕೊಡ ಹೊತ್ತು ಹಾಕಿದ ಕುರಿತು, ಸೂಕ್ತ ಕ್ರಮ, ಸೂಕ್ತ ಕ್ರಮ. ಕಾವ್ಯಾ ಒಂದೊಂದನ್ನೇ ಏರಿಸುತ್ತ ಎರಡು ಸಲ ಕೈ ತಡೆದಳು. ಆದರೆ ಕಟ್ಟೆಯ ತುಂಬ ಕೂತವರ ಖುಷಿ ನೋಡಿ ಬಾಯಿ ತೆರೆಯಲಿಲ್ಲ.

ರಾಯಚೂರಿನಲ್ಲಿ ದೂರುಗಳನ್ನು ಯಾರೂ ಓದುವುದಿಲ್ಲ. ಓದುವುದಕ್ಕೆ ಅಲ್ಲಿಯವರಿಗೆ ಅಂಕವಿಲ್ಲ. ವಿಷಯದ ಸಾಲನ್ನು ಕತ್ತರಿಸಿ ನೋಟಿಸಿನಲ್ಲಿ ಅಂಟಿಸುವುದಕ್ಕೆ ಮಾತ್ರ ಇದೆ. ನಾಲ್ಕನೆಯ ದಿನ ಹುಲಗೆಮ್ಮನಿಗೆ ನೋಟಿಸು ಬಂತು.

‘ನೀವು ಪ್ರತಿದಿನ ತಪ್ಪದೆ ನೀರು ಬಿಡುತ್ತಿರುವ ಬಗ್ಗೆ ನಲವತ್ತೊಂದು ದೂರುಗಳು ಸ್ವೀಕೃತವಾಗಿದ್ದು, ಆರೋಪವು ಮೇಲ್ನೋಟಕ್ಕೆ ಸಾಬೀತಾಗಿರುತ್ತದೆ. ಏಳು ದಿನಗಳೊಳಗೆ ಸದರಿ ನ್ಯೂನತೆಯನ್ನು ಸರಿಪಡಿಸಿ ವರದಿ ಮಾಡತಕ್ಕದ್ದು. ತಪ್ಪಿದಲ್ಲಿ ಸೇವೆಯಿಂದ ಏಕೆ ಕೈಬಿಡಬಾರದು ಎಂಬುದಕ್ಕೆ ಕಾರಣ ತಿಳಿಸತಕ್ಕದ್ದು.’

ಕಾವ್ಯಾ ಅದನ್ನು ಕಟ್ಟೆಯ ಮೇಲೆ ಓದಿ ಮುಗಿಸಿದಳು. ಮಲ್ಲೇಶ ಚಪ್ಪಲಿ ಹುಡುಕತೊಡಗಿದ. ಕಾಯಂ ಆಗುವ ಮಾತು ಹಾಗಿರಲಿ, ಇದ್ದ ನೌಕರಿಯೇ ಈಗ ಊರಿನವರ ಪ್ರೀತಿಗೆ ಸಿಕ್ಕಿ ಹೋಗುವುದರಲ್ಲಿತ್ತು.

ಹುಲಗೆಮ್ಮ ಮರುದಿನ ನೀರು ಬಿಟ್ಟು, ಮಾನ್ವಿಯಲ್ಲಿ ಬಸ್ಸು ಬದಲಿಸಿ, ರಾಯಚೂರಿಗೆ ಹೋಗಿ ಮೂರು ಮಹಡಿ ಹತ್ತಿದಳು. ಅವಳ ಕಡತವಿದ್ದದ್ದು ಅನಿಲಕುಮಾರ ಎಂಬ ಅಧಿಕಾರಿಯ ಮೇಜಿನಲ್ಲಿ. ಎಣ್ಣೆ ಹಚ್ಚಿ ಕ್ರಾಪು ತೆಗೆದ, ಸಣ್ಣ ದನಿಯ, ಯಾರ ಮೇಲೂ ಸಿಟ್ಟಾಗದ ಮನುಷ್ಯ.

‘ನೀರು ಬಿಡೂದು ತಪ್ಪೇನ್ರೀ ಸಾಹೇಬ್ರ?’

‘ತಪ್ಪೋ ಸರಿಯೋ ಹೇಳೋ ಅಧಿಕಾರ ನನಗಿಲ್ಲಮ್ಮ. ದೂರು ಬಂದದ. ಬಂದದ್ದಕ್ಕ ಕ್ರಮ ಆಗಬೇಕು.’

‘ಅವರು ನನ್ನ ಹೊಗಳಿ ಬರಸ್ಯಾರ್ರೀ. ಓದಿ ನೋಡ್ರಿ.’

ಅನಿಲಕುಮಾರ ಓದಿದ. ಮೂರು ಓದಿ ಕನ್ನಡಕ ತೆಗೆದ. ‘ಹೊಗಳ್ಯಾರ, ಖರೇ. ಆದ್ರ ಹೊಗಳಿಕಿಗೆ ಇಲ್ಲಿ ವಿಭಾಗ ಇಲ್ಲ. ಈಗ ಇವನ್ನ ವಾಪಸ್ ತಗಿಯಾಕೂ ಬರಲ್ಲ. ಬಗಿಹರದಾವು, ಬಗಿಹರದಿಲ್ಲ, ಎರಡ ಖಾನಿ ಇರೂದು.’ ಆಮೇಲೆ ದನಿ ಇನ್ನೂ ಸಣ್ಣದು ಮಾಡಿದ. ‘ನೋಡಮ್ಮ, ನನಗೂ ಅಂಕ ಅದಾವ. ನಿನ್ನ ನಲವತ್ತೊಂದು ಬಾಕಿ ಉಳದ್ರ ನನ್ನ ಅಂಕ ಬೀಳತಾವ. ಬುಧವಾರ ನಾನ ಸ್ಥಳಕ್ಕ ಬರ್ತೀನಿ. ಅವತ್ತು ನಲ್ಲಿ ಒಣಗಿರಬೇಕು. ನಲವತ್ತೊಂದೂ ಬಗಿಹರದಂಗ ಆಗ್ತದ. ನಿನಗ ನೂರಕ್ಕ ನೂರು.’

ಹಿಂತಿರುಗುವ ಬಸ್ಸಿನಲ್ಲಿ ಹುಲಗೆಮ್ಮ ಎಷ್ಟು ಯೋಚಿಸಿದರೂ ಆ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಬುಧವಾರ ನಸುಕಿನಲ್ಲಿಯೇ ಎಲ್ಲ ಓಣಿಗಳಿಗೂ ನೀರು ಬಿಟ್ಟು, ಏಳಕ್ಕೆ ದೊಡ್ಡ ವಾಲ್ವನ್ನೇ ಮುಚ್ಚಿದಳು. ತುಂಬಿದ ಕೊಡಗಳನ್ನು ಅಡಗಿಸುವ ಕೆಲಸವನ್ನು ಶರಣಮ್ಮ ನಿಂತು ಮಾಡಿಸಿದಳು. ಕೆಲವು ಕೊಡಗಳು ಕೌದಿ ಹೊದ್ದು ಮಲಗಿದವು, ಕೆಲವು ಜೋಳದ ಚೀಲಗಳ ಹಿಂದೆ ನಿಂತವು. ಗುಲ್ಶನ್ ಬೇಗಂ ಮೊಮ್ಮಗಳ ತೊಟ್ಟಿಲಲ್ಲಿ ಒಂದು ಬಿಂದಿಗೆ ಮಲಗಿಸಿ, ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಳು.

ಅನಿಲಕುಮಾರನ ಜೀಪು ಬಂದಾಗ ಹನ್ನೆರಡು. ಮಾರ್ಚಿನ ಬಿಸಿಲಿಗೆ ಕಟ್ಟೆಯ ಕಲ್ಲು ಕೂರಗೊಡುತ್ತಿರಲಿಲ್ಲ. ಅವನು ಕೊಡೆ ಹಿಡಿದು, ಮೊಬೈಲು ಹಿಡಿದು, ಓಣಿ ಹಿಡಿದು ಹೊರಟ. ನಲ್ಲಿ ತಿರುಗಿಸುವುದು, ಕೆಳಗೆ ಅಂಗೈ ಒಡ್ಡುವುದು, ಅಂಗೈ ಒಣಗಿದ್ದರೆ ಸಂತೋಷದಿಂದ ತಲೆ ಆಡಿಸಿ, ಫೋಟೋ ಹೊಡೆದು, ‘ಬಗೆಹರಿದಿದೆ’ ಎಂದು ಒತ್ತುವುದು. ಹತ್ತನೆಯ ಮನೆಗೆ ಕೊಡೆ ಹಿಡಿದ ಕೈ ಬೆವರಿತು. ಇಪ್ಪತ್ತನೆಯ ಮನೆಗೆ ಜೀಪಿನಿಂದ ತಂದ ನೀರಿನ ಬಾಟಲಿ ಮುಗಿಯಿತು. ಇಪ್ಪತ್ತಾರನೆಯದು ಶರಣಮ್ಮನ ಮನೆ. ಅಲ್ಲಿ ನಲ್ಲಿ ತಿರುಗಿಸಿ, ತಲೆ ಆಡಿಸಿ, ಫೋಟೋ ಹೊಡೆದು, ಮೆಲ್ಲಗೆ ಕೇಳಿದ.

‘ಯವ್ವಾ, ಒಂದು ಗ್ಲಾಸು ಕುಡಿಯಾಕ ನೀರು ಕೊಡ್ರಿ.’

‘ಎಲ್ಲಿಂದ ತರ್ಲಿ ಯಪ್ಪಾ,’ ಶರಣಮ್ಮ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ‘ನಮ್ಮ ಹುಲಗೆಮ್ಮ ಸುಧಾರಿಸ್ಯಾಳಲ್ಲ.’

‘ಮಜ್ಜಿಗಿ?’

‘ಮಜ್ಜಿಗಿ ಮಾಡಾಕೂ ನೀರ ಬೇಕಲ್ರೀ,’ ಎಂದಳು ಎದುರು ಮನೆಯ ನೆರಳಿನಲ್ಲಿದ್ದ ಗುಲ್ಶನ್ ಬೇಗಂ, ಮೊಮ್ಮಗಳ ಬೆನ್ನು ತಟ್ಟುತ್ತ.

ಓಣಿಯಲ್ಲಿ ಯಾರೂ ನಗಲಿಲ್ಲ. ಸುಳ್ಳು ಹೇಳುವುದಿಲ್ಲವೆಂದವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅನಿಲಕುಮಾರ ಶರಣಮ್ಮನ ಗೋಡೆಯ ಅಂಗೈಯಗಲದ ನೆರಳಿಗೆ ಬೆನ್ನು ಆನಿಸಿ ಕುಸಿದು ಕೂತ. ತುಟಿಗಳು ಒಣಗಿ ಬಿಳಿಯಾಗಿದ್ದವು. ಉಗುಳು ನುಂಗಲು ಹೋದರೆ ನುಂಗಲು ಏನೂ ಇದ್ದಂತಿರಲಿಲ್ಲ.

ಇದನ್ನು ನೋಡಲಾರದೆ ನಿಂತವಳು ಹುಲಗೆಮ್ಮ ಒಬ್ಬಳೇ. ಹನ್ನೊಂದು ವರ್ಷದಲ್ಲಿ ಅವಳ ಓಣಿಯಲ್ಲಿ ಒಂದು ನಾಯಿಯೂ ಬಾಯಾರಿ ಕೂತದ್ದಿಲ್ಲ. ಗೋಡೆಯ ಆಚೆಗೇ ಕೌದಿಯ ಕೆಳಗೆ ನಾಲ್ಕು ಕೊಡ ತಣ್ಣಗೆ ಮಲಗಿವೆ. ಒಂದು ಲೋಟ ತಂದರೆ ಈ ಮನುಷ್ಯ ಬದುಕುತ್ತಾನೆ. ತಂದರೆ ಊರಲ್ಲಿ ನೀರಿದೆ ಎಂದಾಗುತ್ತದೆ, ನ್ಯೂನತೆ ಹಾಗೆಯೇ ಉಳಿಯುತ್ತದೆ, ನೌಕರಿ ಹೋಗುತ್ತದೆ. ಮೊಬೈಲಿನಲ್ಲಿ ಇನ್ನೂ ಹದಿನೈದು ಉಳಿದಿದ್ದವು. ಹುಲಗೆಮ್ಮ ಕೀಲಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದಳು.

‘ಸಾಹೇಬ್ರ, ಉಳದ ಹದಿನೈದು?’

‘ಮೊದಲ ನೀರಮ್ಮ.’

‘ಮೊದಲ ನೀರು ಸಿಕ್ರ ಆಮ್ಯಾಲ ಅವನ್ನ ಹೆಂಗ ಮುಚ್ಚತೀರ್ರೀ?’

ಅನಿಲಕುಮಾರ ಅವಳನ್ನು ನೋಡಿದ. ಅದು ಅವನದೇ ಮಾತಿನ ದಾರಿ, ತಪ್ಪು ಹುಡುಕಲು ಅವನಿಗೂ ಆಗಲಿಲ್ಲ. ಮೊಬೈಲು ತೊಡೆಯ ಮೇಲಿಟ್ಟು, ಕೂತಲ್ಲೇ, ಕಾಣದ ಹದಿನೈದು ನಲ್ಲಿಗಳನ್ನು ಒಂದರ ಹಿಂದೊಂದು ಒಣಗಿಸಿದ. ಫೋಟೋ ಕೇಳಿದಲ್ಲೆಲ್ಲ ಶರಣಮ್ಮನ ನಲ್ಲಿಯದೇ ಹಾಕಿದ.

‘ಆತು. ನಲವತ್ತೊಂದೂ ಆತು. ಈಗರೆ ಕೊಡು.’

‘ಹಂಗ ಕೊಡಾಕ ಬರಲ್ರೀ,’ ಎಂದಳು ಹುಲಗೆಮ್ಮ. ‘ಕೇಳೂಕಿಂತ ಮೊದಲ ಕೊಟ್ಟದ್ದ ನನ್ನ ತಪ್ಪಂತ ಆಗೇದ. ನೀವು ಒಂದು ದೂರು ಹಾಕ್ರಿ.’

ನೆರಳಿನಲ್ಲಿ ಕೂತ ಅಷ್ಟೂ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅನಿಲಕುಮಾರ ಎರಡು ಸಲ ತಪ್ಪು ಒತ್ತಿ ಮೂರನೆಯ ಸಲ ಸರಿಯಾಗಿ ಬರೆದ: ಬಿಳಿಗಲ್ಲಹಾಳ, ಕೆಳಗಿನ ಊರು, ನೀರಿಲ್ಲ. ಹುಲಗೆಮ್ಮನ ಪಾಲಿನ ದೂರು ನೋಡಿಕೊಳ್ಳಲು ಸಾಹೇಬರ ಹಿಂದೆಯೇ ಬಂದಿದ್ದ ಕಾವ್ಯಾಳ ಕೈಯಲ್ಲಿದ್ದ ಮೊಬೈಲು ಟಿಂಗ್ ಎಂದಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಹುಲಗೆಮ್ಮ ಓಣಿಯ ತಿರುವು ದಾಟಿದ್ದಳು. ಹದಿನಾರು ವರ್ಷದ ಹುಡುಗಿಯ ಹಾಗೆ ಓಡಿದಳು ಎಂದು ಊರವರು ಈಗಲೂ ಹೇಳುತ್ತಾರೆ. ದೊಡ್ಡ ವಾಲ್ವು, ಆಮೇಲೆ ಮಠದ ಓಣಿಯದು. ಶರಣಮ್ಮನ ನಲ್ಲಿ ಕೆಮ್ಮಿತು, ಉಗುಳಿತು, ಬಿಳಿ ನೊರೆಯಾಗಿ ಸುರಿಯಿತು. ರಾಯಚೂರಿನ ಅಧಿಕಾರಿ ಕನ್ನಡಕ ಸಮೇತ ಅದರ ಕೆಳಗೆ ತಲೆ ಕೊಟ್ಟ. ಬೊಗಸೆ ಒಡ್ಡಿ ಕುಡಿದ, ಅಂಗಿ ತೋಯಿಸಿಕೊಂಡ, ಮತ್ತೆ ಕುಡಿದ. ಅಷ್ಟರಲ್ಲಿ ಶರಣಮ್ಮ ಒಳಗಿನಿಂದ ಬೆಲ್ಲದ ತುಂಡು ತಂದು ಅವನ ಅಂಗೈಗೆ ಹಾಕಿದಳು. ಬರೀ ನೀರು ಕುಡಿದರೆ ಹೊಟ್ಟೆಗೆ ಹಿಡಿಯುತ್ತದೆ ಎಂದಳು.

ನಲವತ್ತೆರಡನೆಯ ದೂರು ಆರು ನಿಮಿಷಕ್ಕೆ ಬಗೆಹರಿಯಿತು. ಮೊಬೈಲು ಅನಿಲಕುಮಾರನನ್ನು ಕೇಳಿತು, ಸೇವೆ ತೃಪ್ತಿಕರವಾಗಿತ್ತೇ, ಐದು ನಕ್ಷತ್ರಗಳಲ್ಲಿ ಎಷ್ಟು. ಅವನು ತಲೆ ಒರೆಸಿಕೊಳ್ಳುತ್ತ ಒಂದಿಷ್ಟು ಹೊತ್ತು ಯೋಚಿಸಿ ಏನನ್ನೋ ಒತ್ತಿ, ಜೀಪು ಹತ್ತಿದ.

ಪಟ್ಟಿ ಬಂದದ್ದು ಏಪ್ರಿಲ್ ಎರಡನೆಯ ವಾರ. ಹುಲಗೆಮ್ಮನ ಹೆಸರು ಅದರಲ್ಲಿತ್ತು. ಜೊತೆಗೆ ಎರಡು ಪುಟದ ಕಾಯಂ ಆದೇಶ. ಮೇಲಿನ ಊರಿನ ಅಮರೇಶನ ಹೆಸರೂ ಇತ್ತು, ಅವಳಿಗಿಂತ ಒಂದು ಸಾಲು ಕೆಳಗೆ. ಅದಕ್ಕವನು ಎರಡು ದಿನ ಮಾತು ಬಿಟ್ಟಿದ್ದ.

‘ತೊಂಬತ್ತೇಳಕ್ಕಾ,’ ಎಂದಳು ಕಾವ್ಯಾ. ‘ನೂರ ಬರತಿತ್ತು. ಅವನಪ್ಪನ, ಆ ಸಾಹೇಬ ನೀರು ಕುಡಕೊಂಡು ಹೋಗಿ ಮೂರು ನಕ್ಷತ್ರ ಕೊಟ್ಟಾನ. ಕೆಳಗ ಷರಾ ಬರದಾನ ನೋಡು: ನೀರು ಸಕಾಲಕ್ಕೆ ದೊರೆಯಲಿಲ್ಲ. ಮೂರು ಅಂಕ ಅದರಾಗ ಹೋದವು. ಇದರ ಮ್ಯಾಲ ಮೇಲ್ಮನವಿ ಹಾಕಾಕ ಬರ್ತದ. ಮಲ್ಲೇಶನ್ನ ಕರೀಲೇನು?’

‘ಮಲ್ಲೇಶ ಬ್ಯಾಡವ್ವಾ.’ ಹುಲಗೆಮ್ಮ ಆದೇಶವನ್ನು ತಿರುವಿ ಹಾಕಿ, ಹಿಂದಿನ ಬದಿಯಲ್ಲಿ ಏನಾದರೂ ಇದೆಯೇ ಎಂದು ನೋಡಿದಳು. ‘ಆ ಮೂರು ಖರೇ ಹೋಗಬೇಕಾದವ. ಅಂಥಾ ಬಿಸಿಲಾಗ ಆ ಮನಷ್ಯಾನ್ನ ಅಷ್ಟು ಹೊತ್ತು ಕುಂದರಿಸಬಾರದಿತ್ತು ನಾ.’

‘ಮತ್ತ ಉಳದ ತೊಂಬತ್ತೇಳು?’

‘ಅವು ಯಾವುದಕ್ಕ ಬಂದಾವೋ ನನಗ ತಿಳಿವಲ್ದು. ಎಲ್ಲಿ ಸೈ ಮಾಡಬೇಕು, ತೋರಸು.’